ಪೋಕರ್ ಎಲೆಗಳ ಜಾತಿಯಲ್ಲಿ ಮೇಲು ಕೀಳು ಇಲ್ಲ: ನಿಮ್ಮ ನಿಯಮ ಪುಸ್ತಿಕೆ ಬಗ್ಗೆ ಒಂದು ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಹಾಗೂ ಪುಸ್ತಿಕೆಯನ್ನು ಅಚ್ಚಿಗೆ ಒಪ್ಪಿದವರು ಯಾರೋ ಅವರು

ವಿಷಯ: 500 ಚಿಪ್ಸ್ ಪೋಕರ್ ಸೆಟ್ ಜೊತೆ ಬಂದ ಪುಸ್ತಿಕೆಯಲ್ಲಿ ‘ಕೈ ಸಮ ಆದಾಗ’ ಎಂಬ ಪುಟದ ತಪ್ಪುಗಳು, ತಿದ್ದುಪಡಿ ಮತ್ತು ಹಣ ವಾಪಸ್ ಕುರಿತು

ಮಾನ್ಯರೇ,

ಚಿಪ್ಸ್ ಬಗ್ಗೆ ನನಗೆ ತಕರಾರಿಲ್ಲ. ತೂಕ ಚೆನ್ನಾಗಿದೆ, ಎಲೆಗಳು ಸಲೀಸಾಗಿ ಜಾರುತ್ತವೆ, ಪೆಟ್ಟಿಗೆಯೂ ಗಟ್ಟಿ. ತಕರಾರು ಒಳಗಿಟ್ಟಿರುವ ಪುಸ್ತಿಕೆ ಬಗ್ಗೆ, ಅದರಲ್ಲೂ ಒಂದೇ ಒಂದು ಪುಟದ ಬಗ್ಗೆ. ಪೆಟ್ಟಿಗೆ ಮೇಲೆ ‘ಟೂರ್ನಮೆಂಟ್ ನಿಯಮಗಳ ಕನ್ನಡ ಪುಸ್ತಿಕೆ ಸಹಿತ’ ಎಂದು ದೊಡ್ಡದಾಗಿ ಹಾಕಿದ್ದೀರಿ. ಬೇರೆ ಸೆಟ್ ಬಿಟ್ಟು ನಿಮ್ಮದನ್ನೇ ತೆಗೆದುಕೊಂಡಿದ್ದು ಆ ಸಾಲು ನೋಡಿ. ನಮ್ಮ ಮನೆಯಲ್ಲಿ ಪೋಕರ್‌ಗೆ ಹೊಸಬರೇ ಜಾಸ್ತಿ. ನಿಯಮ ಕನ್ನಡದಲ್ಲಿದ್ದರೆ ಪುಸ್ತಿಕೆ ಅವರ ಕೈಗೆ ಕೊಟ್ಟು ಸುಮ್ನೆ ಆಟ ಆಡಬಹುದು ಅಂತ ಲೆಕ್ಕ.

ನಾವು ಮಂಡ್ಯ ಕಡೆಯವರು. ಯುಗಾದಿಗೆ ಎಲ್ಲರೂ ಊರಿಗೆ ಬರುತ್ತಾರೆ, ಹಬ್ಬ ಅಂದಮೇಲೆ ಎಲೆ ಹಿಡಿಯದೆ ಇರುವುದಿಲ್ಲ. ದುಡ್ಡಿನ ಆಟ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಿಪ್ಸ್ ಮಾತ್ರ. ಕೊನೆಗೆ ಯಾರ ಹತ್ತಿರ ಚಿಪ್ಸ್ ಕಮ್ಮಿ ಇರುತ್ತದೋ ಅವರು ಹೊಸತೊಡಕಿನ ಮಟನ್ ಪಾತ್ರೆಗಳನ್ನು ತೊಳೆಯಬೇಕು. ನಮ್ಮ ಮನೆಯ ಪಾತ್ರೆಗಳ ಗಾತ್ರ ನೋಡಿದವರಿಗೆ ಇದು ಸಣ್ಣ ಪಣ ಅಂತ ಅನ್ನಿಸುವುದಿಲ್ಲ.

ಜಗಳ ಶುರುವಾದ ಕೈ ಇದು. ನಾವು ಆಡುವುದು ಹೋಲ್ಡಮ್ ಪೋಕರ್: ತಲಾ ಎರಡು ಎಲೆ ಕೈಯಲ್ಲಿ, ಎಲ್ಲರಿಗೂ ಸೇರಿದ ಐದು ಎಲೆ ಮೇಜಿನ ಮೇಲೆ, ಅದಕ್ಕೆ ಬೋರ್ಡ್ ಅನ್ನುತ್ತಾರೆ. ಬೋರ್ಡ್ ಮೇಲೆ ಆಟೀನು 5, ಕಳಾವರ 6, ಡೈಮಂಡ್ 7, ಸ್ಪೇಡ್ 8, ಡೈಮಂಡ್ ರಾಜ. ನಮ್ಮ ಭಾವನ ಕೈಯಲ್ಲಿ ಸ್ಪೇಡ್ 9, ಆಟೀನು 2. ಅಣ್ಣನ ಮಗನ ಕೈಯಲ್ಲಿ ಕಳಾವರ 9, ಆಟೀನು ಎಕ್ಕ. ಇಬ್ಬರದ್ದೂ 5ರಿಂದ 9ರವರೆಗಿನ ಸ್ಟ್ರೇಟ್, ಅಂದರೆ ಸಾಲಾಗಿ ಬಂದ ಐದು ಎಲೆ. ಪುಸ್ತಿಕೆ ತೆಗೆದರು. ನಿಮ್ಮ ಪುಟದ ಮೊದಲ ಸಾಲು ಹೀಗಿದೆ: ಕೈ ಸಮ ಆದರೆ ದೊಡ್ಡ ಜಾತಿಯ ಎಲೆ ಇದ್ದವರು ಗೆಲ್ಲುತ್ತಾರೆ, ಸ್ಪೇಡ್ ಎಲ್ಲಕ್ಕಿಂತ ದೊಡ್ಡದು. ಭಾವ ಚಿಪ್ಸ್ ಎಳೆದುಕೊಂಡರು. ಅಷ್ಟರಲ್ಲಿ ಹುಡುಗ ಎರಡನೇ ಸಾಲು ಓದಿದ: ಐದು ಎಲೆ ಸಮ ಆದರೆ ಉಳಿದ ಎರಡು ಎಲೆಗಳನ್ನು ಹೋಲಿಸಿ. ಅವನಿಗೆ ಉಳಿದದ್ದು ಎಕ್ಕ ಮತ್ತು ರಾಜ, ಭಾವನಿಗೆ ರಾಜ ಮತ್ತು 2. ಹಾಗಾದರೆ ಗೆದ್ದವನು ಅವನು! ಒಂದೇ ಪುಟದ ಎರಡು ಸಾಲು ಒಂದೇ ಕೈಗೆ ಇಬ್ಬರು ಬೇರೆ ಬೇರೆ ವಿಜೇತರನ್ನು ಕೊಟ್ಟವು. ಇದನ್ನು ಅಚ್ಚು ಹಾಕುವ ಮೊದಲು ಯಾರಾದರೂ ಒಂದು ಕೈ ಆಡಿ ನೋಡಿದ್ದರಾ?

ಸರಿಯಾದ ಉತ್ತರ ಎರಡೂ ಅಲ್ಲ. ಪಾಟ್, ಅಂದರೆ ಮಧ್ಯದಲ್ಲಿ ಸೇರಿದ ಚಿಪ್ಸ್, ಅರ್ಧ ಅರ್ಧ. ಹೋಲ್ಡಮ್‌ನಲ್ಲಿ ಏಳು ಎಲೆ ಸಿಕ್ಕರೂ ಕೈ ಅಂದರೆ ಐದೇ ಎಲೆ. ಆರನೆಯದ್ದು, ಏಳನೆಯದ್ದು ಯಾವತ್ತೂ ಲೆಕ್ಕಕ್ಕೆ ಬರುವುದಿಲ್ಲ. ಐದೂ ಸಮ ಆದರೆ ಅಲ್ಲಿಗೆ ಮುಗಿಯಿತು, ಮುಂದೆ ಹುಡುಕುವುದಕ್ಕೆ ಏನೂ ಇಲ್ಲ.

ಇನ್ನು ಜಾತಿಯ ವಿಚಾರ. ಪೋಕರ್‌ನಲ್ಲಿ ಒಂದು ಕೈ ಇನ್ನೊಂದಕ್ಕಿಂತ ಮೇಲೆ ಅಂತ ಯಾಕೆ ಹೇಳುತ್ತೇವೆ? ಅದು ಅಪರೂಪ ಅನ್ನುವ ಕಾರಣಕ್ಕೆ. 52 ಎಲೆಗಳಿಂದ ಐದೈದು ಎಲೆಯ 25,98,960 ಕೈಗಳು ಸಾಧ್ಯ. ಅದರಲ್ಲಿ ಸ್ಟ್ರೇಟ್ 10,200, ಫ್ಲಶ್ (ಐದೂ ಒಂದೇ ಜಾತಿ) 5,108, ಫುಲ್ ಹೌಸ್ (ಒಂದೇ ಬಗೆಯ ಮೂರು, ಇನ್ನೊಂದು ಬಗೆಯ ಎರಡು) 3,744. ಕಮ್ಮಿ ಸಿಗುವುದಕ್ಕೆ ಬೆಲೆ ಜಾಸ್ತಿ. ಆ 5,108 ಫ್ಲಶ್‌ಗಳನ್ನು ಜಾತಿವಾರು ಹಂಚಿ ನೋಡಿ. ಸ್ಪೇಡ್‌ನಲ್ಲಿ 1,277, ಕಳಾವರದಲ್ಲೂ 1,277, ಉಳಿದ ಎರಡರಲ್ಲೂ ಅಷ್ಟೇ. ಸ್ಪೇಡ್ ಫ್ಲಶ್ ಒಂದು ಕೂದಲಿನಷ್ಟೂ ಕಷ್ಟದ ಕೈ ಅಲ್ಲ. ಅಂದಮೇಲೆ ಅದಕ್ಕೆ ಮೇಲಿನ ಪೀಠ ಯಾಕೆ?

ಜಾತಿಗೆ ಪೋಕರ್‌ನಲ್ಲಿ ಕೆಲಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆಟ ಶುರು ಮಾಡುವ ಮುಂಚೆ ಬಟನ್ (ಎಲೆ ಹಂಚುವ ಸರದಿ ಯಾರದ್ದು ಅಂತ ತೋರಿಸುವ ಬಿಲ್ಲೆ) ಯಾರಿಗೆ ಅಂತ ತಲಾ ಒಂದು ಎಲೆ ಎಳೆಯುತ್ತಾರಲ್ಲ, ಅಲ್ಲಿ ಇಬ್ಬರಿಗೂ ಎಕ್ಕ ಬಂದರೆ ಜಾತಿ ನೋಡುತ್ತಾರೆ. ಕಳಾವರ, ಡೈಮಂಡ್, ಆಟೀನು, ಸ್ಪೇಡ್ ಅಂತ ಕೆಳಗಿನಿಂದ ಮೇಲಕ್ಕೆ ಸಾಲು. ಸೆವೆನ್ ಕಾರ್ಡ್ ಸ್ಟಡ್ ಅನ್ನುವ ಇನ್ನೊಂದು ಬಗೆಯ ಪೋಕರ್‌ನಲ್ಲಿ ಮೊದಲ ಬೆಟ್ ಯಾರು ಕಟ್ಟಬೇಕು ಅನ್ನುವುದಕ್ಕೂ ಇದೇ ಸಾಲು. ನಿಮ್ಮ ಪುಸ್ತಿಕೆ ಬರೆದವರು ಇದನ್ನು ಎಲ್ಲೋ ಓದಿ, ತಂದು ಶೋಡೌನ್ (ಕೊನೆಗೆ ಎಲೆ ತೋರಿಸಿ ಗೆದ್ದವರನ್ನು ನೋಡುವ ಹಂತ) ಪುಟಕ್ಕೆ ಅಂಟಿಸಿದ್ದಾರೆ ಅಂತ ನನ್ನ ಅನುಮಾನ. ಇಲ್ಲವೇ ಅವರು ಮೂರೆಲೆ ಆಟದವರು ಇರಬೇಕು. ಅಲ್ಲಿ ಶೋ ಕೇಳಿದಾಗ ಕೈ ಸಮ ಬಂದರೆ ಕೇಳಿದವನೇ ಸೋತ ಹಾಗೆ, ಯಾರೋ ಒಬ್ಬರು ಗೆಲ್ಲಲೇಬೇಕು. ತೀನ್ ಪತ್ತಿಗೆ ಅದು ಸರಿ. ಪೋಕರ್ ಬೇರೆ ಆಟ, ಇಲ್ಲಿ ಇಬ್ಬರು ಗೆಲ್ಲಬಹುದು, ಬೋರ್ಡ್ ಮೇಲೆಯೇ ರಾಯಲ್ ಫ್ಲಶ್ (ಒಂದೇ ಜಾತಿಯ 10ರಿಂದ ಎಕ್ಕದವರೆಗಿನ ಐದು ಎಲೆ, ಎಲ್ಲಕ್ಕಿಂತ ದೊಡ್ಡ ಕೈ) ಬಿದ್ದರೆ ಕೈಯಲ್ಲಿ ಎಲೆ ಉಳಿಸಿಕೊಂಡ ಎಲ್ಲರೂ ಗೆಲ್ಲಬಹುದು.

ಇದೆಲ್ಲ ಎಲ್ಲೋ ವರ್ಷಕ್ಕೊಮ್ಮೆ ಬರುವ ಸಂಗತಿ, ಇಷ್ಟಕ್ಕೆ ಪತ್ರ ಬರೆಯಬೇಕಾ ಅಂತ ನಿಮಗೆ ಅನ್ನಿಸಬಹುದು. ಇಬ್ಬರು ಆಟಗಾರರಿಗೆ ನಾಲ್ಕು ಬೇರೆ ಬೇರೆ ಜಾತಿಯ ಎಕ್ಕ-ರಾಜ ಬಂದು ಇಬ್ಬರೂ ಆಲ್-ಇನ್ (ಇದ್ದ ಚಿಪ್ಸ್ ಎಲ್ಲ ಪಣಕ್ಕೆ) ಹೋದರೆ 100ರಲ್ಲಿ 95ಕ್ಕೂ ಹೆಚ್ಚು ಸಲ ಪಾಟ್ ಹಂಚಬೇಕಾಗುತ್ತದೆ. ಎಕ್ಕ-ರಾಜ ಯಾರೂ ಬಿಡದ ಕೈ. ನಿಮ್ಮ ಪುಟ ನಂಬಿದರೆ ಅಷ್ಟೂ ಸಲ ಸ್ಪೇಡ್ ಹಿಡಿದವರ ಮನೆಗೆ ಪೂರ್ತಿ ಪಾಟ್.

ಮೂರನೇ ಸಾಲು ಕಿಕ್ಕರ್ ಬಗ್ಗೆ, ಅಂದರೆ ಜೋಡಿಯ ಪಕ್ಕದಲ್ಲಿ ಲೆಕ್ಕಕ್ಕೆ ಬರುವ ಒಂಟಿ ಎಲೆ ಬಗ್ಗೆ. ‘ಜೋಡಿ ಸಮ ಆದರೆ ಕೈಯಲ್ಲಿರುವ ಇನ್ನೊಂದು ಎಲೆ ಯಾರದ್ದು ದೊಡ್ಡದೋ ಅವರು ಗೆಲ್ಲುತ್ತಾರೆ’ ಎಂದು ಬರೆದಿದ್ದೀರಿ. ಅರ್ಧ ನಿಜ, ಅದಕ್ಕೇ ಇದು ಜಾಸ್ತಿ ಅಪಾಯ. ಬೋರ್ಡ್ ಮೇಲೆ ಬೇರೆ ಬೇರೆ ಜಾತಿಯ ಎಕ್ಕ, ರಾಜ, ರಾಣಿ, 9, 5 ಇದೆ ಅಂದುಕೊಳ್ಳಿ. ಒಬ್ಬರ ಹತ್ತಿರ ಎಕ್ಕ-4, ಇನ್ನೊಬ್ಬರ ಹತ್ತಿರ ಎಕ್ಕ-3. ಪುಸ್ತಿಕೆ ಪ್ರಕಾರ 4 ಗೆದ್ದಿತು. ನಿಜದಲ್ಲಿ ಇಬ್ಬರ ಐದು ಎಲೆಯೂ ಎಕ್ಕ, ಎಕ್ಕ, ರಾಜ, ರಾಣಿ, 9. ಆ 4 ಮತ್ತು 3 ಆಟದಲ್ಲೇ ಇಲ್ಲ. ಅದೇ ಒಬ್ಬರ ಹತ್ತಿರ ಎಕ್ಕ-ಗುಲಾಮ ಇದ್ದರೆ ಗುಲಾಮ ಬಂದು 9ರ ಜಾಗ ಹಿಡಿಯುತ್ತಾನೆ, ಪಾಟ್ ಪೂರ್ತಿ ಅವರದ್ದು. ಕೈಯಲ್ಲಿರುವ ಎಲೆ ಐದರೊಳಗೆ ನುಗ್ಗಿತಾ ಇಲ್ಲವಾ, ನೋಡಬೇಕಾದ್ದು ಅಷ್ಟೇ.

ಮೂರು ಜೋಡಿ ಕಥೆಯೂ ಹೀಗೇ. ಬೋರ್ಡ್ ಮೇಲೆ ಎರಡು ರಾಜ, ಎರಡು 8, ಒಂದು ರಾಣಿ. ನನ್ನ ಕೈಯಲ್ಲಿ 5ರ ಜೋಡಿ, ನಿಮ್ಮ ಕೈಯಲ್ಲಿ 3ರ ಜೋಡಿ. ಇಬ್ಬರೂ ಆಡುವುದು ಬೋರ್ಡ್ ಅನ್ನೇ. ನನ್ನ 5ರ ಜೋಡಿಗೆ ಬೆಲೆ ಇಲ್ಲ. ಆದರೆ ಮೂಲೆಯಲ್ಲಿ ಕೂತವರ ಕೈಯಲ್ಲಿ ಒಂದು ಒಂಟಿ ಎಕ್ಕ ಇದ್ದರೆ ಇಬ್ಬರನ್ನೂ ಹೊಡೆಯುತ್ತದೆ. ಹೊಸಬರಿಗೆ ಇದು ನಂಬುವುದೇ ಕಷ್ಟ. ಅಂಥ ಕಡೆ ಪುಸ್ತಿಕೆ ಕೈ ಹಿಡಿಯಬೇಕಿತ್ತು, ನಿಮ್ಮದು ದಾರಿ ತಪ್ಪಿಸಿತು.

ಎಲ್ಲಕ್ಕಿಂತ ಬೇಜಾರಾಗಿದ್ದು ನನ್ನ ತಂಗಿಯ ಮಗಳ ವಿಷಯದಲ್ಲಿ. ಬೋರ್ಡ್ ಮೇಲೆ ಐದು ಆಟೀನು ಬಿದ್ದಿದ್ದವು: ಎಕ್ಕ, ಗುಲಾಮ, 9, 7, 4. ಎದುರಿನವರು ಆಟೀನು 3 ತೋರಿಸಿದರು. ಅವಳ ಹತ್ತಿರ ಇದ್ದದ್ದು ಆಟೀನು 2. ಪುಸ್ತಿಕೆ ಓದಿಕೊಂಡಿದ್ದ ಹುಡುಗಿ, 3ಕ್ಕಿಂತ 2 ಸಣ್ಣದು ಅಂತ ಎಲೆಗಳನ್ನು ಕವುಚಿ ಎಸೆದುಬಿಟ್ಟಳು. ಇಬ್ಬರ ಕೈಯೂ ಬೋರ್ಡ್ ಮೇಲಿನ ಫ್ಲಶ್ಶೇ, ಅರ್ಧ ಪಾಟ್ ಅವಳದ್ದಾಗಿತ್ತು. ಬೋರ್ಡ್ ಆಡುವವರು ಪಾಲು ಬೇಕಾದರೆ ತಮ್ಮ ಎಲೆಗಳನ್ನೆಲ್ಲ ಮೇಜಿನ ಮೇಲೆ ತೆರೆದಿಡಬೇಕು ಅಂತ ಟೂರ್ನಮೆಂಟ್ ನಿಯಮ ಇದೆ. ಎಸೆದ ಮೇಲೆ ಹಕ್ಕಿಲ್ಲ. ಈ ಒಂದು ಸಾಲು ನಿಮ್ಮ ಪುಸ್ತಿಕೆಯಲ್ಲಿ ಎಲ್ಲೂ ಇಲ್ಲ. ಪಾತ್ರೆ ತೊಳೆದವಳು ಅವಳೇ.

ಪಾಟ್ ಹಂಚುವ ಭಾಗಕ್ಕೆ ಬರುತ್ತೇನೆ. ‘ಸಮನಾಗಿ ಹಂಚಲು ಆಗದಿದ್ದರೆ ಉಳಿದ ಚಿಪ್ ಎಲೆ ಹಂಚಿದವರಿಗೆ’ ಎಂದಿದೆ. ಇದು ಎಲ್ಲಿಂದ ಬಂತು? ನಿಮ್ಮ ಸೆಟ್‌ನ ಅತಿ ಸಣ್ಣ ಚಿಪ್ 25. ಪಾಟ್‌ನಲ್ಲಿ 1,025 ಇದೆ, ಇಬ್ಬರು ಸಮ. ತಲಾ 500 ಹೋಗಿ ಒಂದು 25ರ ಚಿಪ್ ಉಳಿಯುತ್ತದೆ. ಅದು ಬಟನ್‌ನ ಎಡಗಡೆಯಿಂದ ಮೊದಲು ಸಿಗುವ ವಿಜೇತರಿಗೆ ಹೋಗಬೇಕು. ಮೂವರು ಸಮ ಆದರೆ ತಲಾ 325, ಎರಡು ಚಿಪ್ ಉಳಿಯುತ್ತವೆ, ಎಡದಿಂದ ಮೊದಲ ಇಬ್ಬರಿಗೆ ಒಂದೊಂದು. ಎಲೆ ಹಂಚಿದವರು ಆ ಕೈಯಲ್ಲಿ ಆಡಿಯೇ ಇಲ್ಲದಿರಬಹುದು, ಅವರಿಗೆ ಯಾಕೆ ದಕ್ಷಿಣೆ? ಇಲ್ಲಿ ತಮಾಷೆ ಏನೆಂದರೆ, ಎಲೆಯ ಜಾತಿಗೆ ನಿಜವಾಗಿ ಬೆಲೆ ಇರುವ ಇನ್ನೊಂದು ಜಾಗ ಇದೇ. ಬಟನ್ ಇಲ್ಲದ ಸ್ಟಡ್ ಆಟದಲ್ಲಿ ಈ ಉಳಿದ ಒಂದು ಚಿಪ್ ಯಾರಿಗೆ ಅನ್ನುವುದಕ್ಕೆ ದೊಡ್ಡ ಎಲೆ, ಅದೂ ಸಮ ಆದರೆ ಅದರ ಜಾತಿ ನೋಡುತ್ತಾರೆ. ಒಂದು ಚಿಪ್‌ಗೆ ಮಾತ್ರ. ನೀವು ಅದನ್ನು ಪೂರ್ತಿ ಪಾಟ್‌ಗೆ ಹಚ್ಚಿದ್ದೀರಿ.

ಕೊನೆಯ ಸಾಲು ಸೈಡ್ ಪಾಟ್ (ಆಲ್-ಇನ್ ಆದವರ ಮೊತ್ತ ಮೀರಿ ಉಳಿದವರು ಕಟ್ಟಿದ ಚಿಪ್ಸ್) ಇದ್ದಾಗ ‘ಎಲ್ಲವನ್ನೂ ಒಟ್ಟುಗೂಡಿಸಿ ಹಂಚಿ’ ಅನ್ನುತ್ತದೆ. ಒಂದು ಲೆಕ್ಕ ಹಾಕೋಣ. ಮೊದಲನೆಯವರು 1,000ಕ್ಕೆ ಆಲ್-ಇನ್. ಎರಡನೆಯವರು, ಮೂರನೆಯವರು ತಲಾ 3,000 ಹಾಕಿದ್ದಾರೆ. ಮುಖ್ಯ ಪಾಟ್ 3,000, ಸೈಡ್ ಪಾಟ್ 4,000. ಮೊದಲನೆಯವರೂ ಎರಡನೆಯವರೂ ಸಮ, ಮೂರನೆಯವರು ಸೋತರು. ಮುಖ್ಯ ಪಾಟ್‌ನಲ್ಲಿ ಇಬ್ಬರಿಗೂ 1,500. ಸೈಡ್ ಪಾಟ್ ಪೂರ್ತಿ ಎರಡನೆಯವರದ್ದು, ಅವರ ಕೈಗೆ ಒಟ್ಟು 5,500. ನಿಮ್ಮ ಪ್ರಕಾರ ಇಬ್ಬರಿಗೂ 3,500. ಅಂದರೆ 1,000 ಹಾಕಿದವರು ಒಬ್ಬರೇ ಗೆದ್ದಿದ್ದರೆ 3,000 ಸಿಗುತ್ತಿತ್ತು, ಸಮ ಆದ ಪುಣ್ಯಕ್ಕೆ 3,500 ಸಿಕ್ಕಿತು! ಒಂಟಿಯಾಗಿ ಗೆಲ್ಲುವುದಕ್ಕಿಂತ ಸಮ ಆಗುವುದೇ ಲಾಭ ಅನ್ನುವ ಆಟ ಪ್ರಪಂಚದಲ್ಲಿ ನಿಮ್ಮ ಪುಸ್ತಿಕೆಯಲ್ಲಿ ಮಾತ್ರ ಇರಬೇಕು.

ನಿಮ್ಮ ಸಹಾಯವಾಣಿಗೆ ಇದನ್ನೆಲ್ಲ ಹೇಳಿದೆ. ಉತ್ತರ ಬಂತು: ‘ಇವು ಹೌಸ್ ರೂಲ್ಸ್ ಸರ್, ಪ್ರತಿ ಮನೆಗೂ ಬೇರೆ ಬೇರೆ ಇರುತ್ತವೆ.’ ಜೊತೆಗೆ ಮುಂದಿನ ಖರೀದಿಗೆ ಒಂದು ಕೂಪನ್. ಹೌಸ್ ರೂಲ್ಸ್ ಇರಬಹುದು, ನಾನೂ ಒಪ್ಪುತ್ತೇನೆ. ಅದನ್ನು ಮನೆಯವರು ಕೂತು, ಆಟಕ್ಕೆ ಮೊದಲು ಮಾತಾಡಿಕೊಂಡು ಮಾಡುತ್ತಾರೆ. ಪೆಟ್ಟಿಗೆ ಮೇಲೆ ‘ಟೂರ್ನಮೆಂಟ್ ನಿಯಮಗಳು’ ಎಂದು ಮಾರಿ, ಕೇಳಿದಾಗ ಹೌಸ್ ರೂಲ್ಸ್ ಅನ್ನುವುದು ಯಾವ ನ್ಯಾಯ? ಟೂರ್ನಮೆಂಟ್ ನಿಯಮಗಳೇನು ಗುಟ್ಟಲ್ಲ. ಅಮೆರಿಕದಲ್ಲಿ 2001ರಲ್ಲಿ ಶುರುವಾದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ತನ್ನ ನಿಯಮಗಳನ್ನು ಇಂಟರ್ನೆಟ್‌ನಲ್ಲಿ ಬಿಟ್ಟಿಯಾಗಿ ಇಟ್ಟಿದೆ. ಬೋರ್ಡ್ ಆಡುವವರು ಎಲೆ ತೋರಿಸಬೇಕು, ಉಳಿದ ಚಿಪ್ ಬಟನ್‌ನ ಎಡಕ್ಕೆ, ಪ್ರತಿ ಸೈಡ್ ಪಾಟ್ ಬೇರೆಯಾಗಿಯೇ ಹಂಚಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಓದಿ ಕನ್ನಡದಲ್ಲಿ ಬರೆಯುವುದಕ್ಕೆ ಒಂದು ಮಧ್ಯಾಹ್ನ ಸಾಕು.

ಕನ್ನಡದಲ್ಲಿ ಪುಸ್ತಿಕೆ ಹಾಕಿದ್ದಕ್ಕೆ ನಿಮ್ಮನ್ನು ಮೆಚ್ಚಿಕೊಂಡವನು ನಾನು. ಆದರೆ ಕನ್ನಡ ಓದುವವರು ಎಡವಟ್ಟು ನಿಯಮ ಕೊಟ್ಟರೂ ಸಹಿಸಿಕೊಳ್ಳುತ್ತಾರೆ ಅನ್ನುವ ಧೋರಣೆ ಇದ್ದರೆ ಅದು ಬೇಡ.

ನಾನು ಕೇಳುವುದು ಇಷ್ಟು. ಆ ಪುಟವನ್ನು ಪೂರ್ತಿ ತೆಗೆದು ಹೊಸದಾಗಿ ಬರೆಸಿ. ಈಗಾಗಲೇ ಸೆಟ್ ಕೊಂಡವರಿಗೆ ತಿದ್ದಿದ ಹಾಳೆ ಕಳಿಸಿ, ನಿಮ್ಮ ವೆಬ್‌ಸೈಟ್‌ನಲ್ಲೂ ಹಾಕಿ. ಅದು ಆಗುವ ತನಕ ಪೆಟ್ಟಿಗೆ ಮೇಲಿನ ‘ಟೂರ್ನಮೆಂಟ್ ನಿಯಮಗಳು’ ಎಂಬ ಸಾಲಿನ ಮೇಲೆ ಸ್ಟಿಕ್ಕರ್ ಅಂಟಿಸಿ. ಆ ಸಾಲು ನಂಬಿಯೇ ಕೊಂಡಿದ್ದರಿಂದ ನನ್ನ ಹಣ ವಾಪಸ್ ಕೊಡಿ, ಸೆಟ್ ನೀವೇ ಬಂದು ತೆಗೆದುಕೊಂಡು ಹೋಗಿ. ಕೂಪನ್ ಬೇಡ. ಪತ್ರ ತಲುಪಿದ 15 ದಿನಗಳಲ್ಲಿ ಲಿಖಿತ ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ, ಸರಕಿನ ಬಗ್ಗೆ ತಪ್ಪು ವಿವರ ಕೊಟ್ಟು ಮಾರಿದ್ದಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಸರಿಯಾದ ನಿಯಮಗಳನ್ನು ಒಂದು ಪುಟದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಬೇಕಿದ್ದರೆ ಹಾಗೇ ಅಚ್ಚು ಹಾಕಿಕೊಳ್ಳಿ, ನನ್ನ ಹೆಸರು ಹಾಕುವುದು ಬೇಡ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್‌ನ ಪ್ರತಿ, ಪುಸ್ತಿಕೆಯ ಆ ಪುಟದ ಫೋಟೋ, ಪೆಟ್ಟಿಗೆಯ ಮೇಲ್ಭಾಗದ ಫೋಟೋ, ತಿದ್ದಿದ ನಿಯಮಗಳ ಹಾಳೆ