ನನ್ನ ಜಾಗವನ್ನು ಕಾದಿಟ್ಟವರಿಗೆ

ಕಳೆದ ಚಳಿಗಾಲದಲ್ಲಿ ಹಿಮಗಟ್ಟಿದ ಮೆಟ್ಟಿಲಿನ ಮೇಲೆ ಜಾರಿ ಬಿದ್ದು ಮಂಡಿಚಿಪ್ಪು ಒಡೆದುಕೊಂಡಿದ್ದ ನಾನು, ಒಂಬತ್ತು ತಿಂಗಳ ಬಳಿಕ ಮೊನ್ನೆ ಸೋಮವಾರ, ಐರ್ಲೆಂಡಿನ ಕ್ಲೇರ್ ಕೌಂಟಿಯ ನಮ್ಮ ಊರಿನ ಸಭಾಭವನದಲ್ಲಿ ಕ್ಯಾಲೆಡೋನಿಯನ್ ಸೆಟ್ ಎಂಬ ಐರಿಷ್ ಜೋಡಿ ಕುಣಿತವನ್ನು ಮೊದಲಿನಿಂದ ಕೊನೆಯವರೆಗೆ ಕುಣಿದೆ. ಇದಕ್ಕೆ ಕಾರಣರಾದವರಲ್ಲಿ ಒಬ್ಬರೂ ಕನ್ನಡ ಓದಬಲ್ಲವರಲ್ಲ. ಆದರೂ ಅವರ ಉಪಕಾರವನ್ನು ನನ್ನವರೆದುರು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಸೆಟ್ ಎಂದರೆ ಚೌಕದ ನಾಲ್ಕು ಬದಿಗೆ ನಾಲ್ಕು ಜೋಡಿ. ಏಳೇ ಜನರಿದ್ದರೆ ಸೆಟ್ ಆಗದು. ನನ್ನ ಬದಲಿಗೆ ಬೇರೆಯವರನ್ನು ಕಾಯಂ ಸೇರಿಸಿಕೊಂಡಿದ್ದರೆ ನಾನು ತಪ್ಪು ತಿಳಿಯುತ್ತಿರಲಿಲ್ಲ. ನನ್ನ ಸೆಟ್ಟಿನವರು ಹಾಗೆ ಮಾಡದೆ, ವಾರಕ್ಕೊಬ್ಬರಂತೆ ಕಾರು ತಂದು ನನ್ನನ್ನು ಕರೆದೊಯ್ದರು. ಊರುಗೋಲನ್ನು ಗೋಡೆಗೊರಗಿಸಿ, ಕುಳಿತಲ್ಲಿಂದಲೇ ಗಟ್ಟಿಯಿದ್ದ ಕಾಲಿನ ಹಿಮ್ಮಡಿಯಲ್ಲಿ ರೀಲ್ ಎಂಬ ಕುಣಿತದ ಧಾಟಿಯ ಲಯ ಹಿಡಿಯಲು ಹೇಳಿದರು. ಎಂಬತ್ತರ ಹತ್ತಿರವಿರುವ ನನ್ನ ಜೊತೆಗಾರರಿಗೆ ವಿಶೇಷವಾಗಿ ಋಣಿ. ಮೊನ್ನೆ ಜೋಡಿಯಾಗಿ ಗಿರ್ರನೆ ತಿರುಗುವ ಭಾಗ ಬಂದಾಗ, ನಾನು ಕೇಳುವ ಮೊದಲೇ ಅವರು ವೇಗ ತಗ್ಗಿಸಿ, ಬೆನ್ನಿಗಿಟ್ಟ ಕೈಯಿಂದ ನನ್ನ ಭಾರವನ್ನು ಅರ್ಧ ತಾವೇ ಹೊತ್ತರು. ಬಾಲ್ಯದಲ್ಲಿ ಅಡುಗೆಮನೆಯ ಕಲ್ಲುಚಪ್ಪಡಿಯ ಮೇಲೆ ಹಿರಿಯರನ್ನು ನೋಡಿ ಕಲಿತ ಹೆಜ್ಜೆ ಅವರದು.

ಆ ಹೆಜ್ಜೆ ಉಳಿದದ್ದೇ ಹೆಚ್ಚು. ಕ್ವಾಡ್ರಿಲ್ ಎಂಬ ಫ್ರೆಂಚ್ ಚೌಕದ ಕುಣಿತದಿಂದ ಹುಟ್ಟಿ, ಹತ್ತೊಂಬತ್ತನೆಯ ಶತಮಾನದಲ್ಲಿ ಐರಿಷ್ ರೀಲು, ಜಿಗ್ಗು ಧಾಟಿಗಳನ್ನು ಮೈಗೂಡಿಸಿಕೊಂಡ ಈ ಕುಣಿತವನ್ನು ಐರಿಷ್ ಭಾಷೆ, ಸಂಸ್ಕೃತಿಯ ಪುನರುಜ್ಜೀವನಕ್ಕೆ ದುಡಿದ ಗೇಲಿಕ್ ಲೀಗ್ ಸಂಘದವರು ಪರಕೀಯವೆಂದು ದೂರವಿಟ್ಟರು. ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಕಡ್ಡಾಯ ಮಾಡಿದ 1935ರ ಕಾನೂನಿನಿಂದ ಮನೆಮನೆಯ ಕುಣಿತಕ್ಕೂ ಪೆಟ್ಟು ಬಿತ್ತು. ಹಾಗಾಗಿ, ಮಿಲ್‌ಟೌನ್ ಮಾಲ್ಬೇಯಲ್ಲಿ 1973ರಿಂದ ನಡೆಯುತ್ತಿರುವ ಸಾಂಪ್ರದಾಯಿಕ ಸಂಗೀತ, ಕುಣಿತದ ವಿಲ್ಲಿ ಕ್ಲಾನ್ಸಿ ಬೇಸಿಗೆ ಶಾಲೆಯಲ್ಲಿ 1980ರ ದಶಕದಲ್ಲಿ ಸೆಟ್ ಕಲಿಸಿದ ಜೋ ಓ'ಡೊನೊವನ್, ಊರೂರು ಸುತ್ತಿ ತರಗತಿ ನಡೆಸಿದ ಟಿಪ್ಪರರಿಯ ಕಾನಿ ರಯಾನ್ ಅವರಂಥವರಿಗೂ ನನ್ನ ನಮನ ಸಲ್ಲಬೇಕು. ಅವರು ಹಳಬರ ಹೆಜ್ಜೆಯನ್ನು ತರಗತಿಗೆ ತರದಿದ್ದರೆ ನನ್ನಂಥ ಹೊರಗಿನವಳು ಕಲಿಯುವುದೆಲ್ಲಿ?

ಚಹಾ, ಸೋಡಾ ಬ್ರೆಡ್ಡು ತಪ್ಪಿಸದ ಮಹಿಳೆಯರಿಗೂ, ಅಕಾರ್ಡಿಯನ್ ನುಡಿಸಿದ ಹುಡುಗನಿಗೂ ವಂದನೆಗಳು. ಮೂರನೆಯ ಭಾಗದಲ್ಲಿ ದಿಕ್ಕು ತಪ್ಪಿ ನಾನು ಡಿಕ್ಕಿ ಹೊಡೆದ ಎದುರಿನ ಜೋಡಿಯ ಕ್ಷಮೆಯನ್ನೂ ಇಲ್ಲೇ ಕೇಳುತ್ತೇನೆ. ಅದಕ್ಕೆ ಮಂಡಿಯನ್ನು ದೂರುವಂತಿಲ್ಲ. ಬೀಳುವ ಮೊದಲೂ ನಾನು ಅಲ್ಲಿಯೇ ತಪ್ಪುತ್ತಿದ್ದೆ.