ಗೇರುಬೀಜದ ಹಿಂದಿನ ಊರು

ಮಾನ್ಯರೇ,
ಮಂಗಳೂರಿನ ಗೇರು ಕಾರ್ಖಾನೆಗಳಿಗೆ ಆಫ್ರಿಕಾದಿಂದಲೂ ಕಚ್ಚಾ ಬೀಜ ಹಡಗೇರಿ ಬರುತ್ತದೆ. ಅಲ್ಲಿನ ಪುಟ್ಟ ದೇಶ ಗಿನಿ-ಬಿಸ್ಸಾವ್ 1974ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು; ಇಂದು ಅದರ ರಫ್ತಿನ ಬಹುಪಾಲು ಗೇರುಬೀಜವೇ. ಉದುರಿದ ಹಣ್ಣಿನಿಂದ ಹೆಂಗಸರು, ಮಕ್ಕಳು ಬೀಜ ತಿರುಚಿ ತೆಗೆದು ಬುಟ್ಟಿ ತುಂಬುತ್ತಾರೆ, ರಸ ಹಿಂಡಿ ವೈನ್ ಮಾಡುತ್ತಾರೆ. ಚಿಕ್ಕಂದಿನಲ್ಲಿ ಗೇರುಸೊನೆಗೆ ಬೆರಳು ಸುಲಿಸಿಕೊಂಡ ನನಗೆ ಆ ಕೈಗಳ ಉರಿ ಗೊತ್ತು. ಎಷ್ಟೋ ಹಳ್ಳಿಗಳಲ್ಲಿ ಬೀಜ ಕೊಟ್ಟು ಅಕ್ಕಿ ಪಡೆಯುತ್ತಾರೆ; ಬೀಜದ ಬೆಲೆ ಬಿದ್ದರೆ ಅನ್ನಕ್ಕೇ ಕುತ್ತು. ಸುಲಿದು ಮಾರುವ ಲಾಭ ಬಹುಮಟ್ಟಿಗೆ ಭಾರತ, ವಿಯೆಟ್ನಾಂ ಪಾಲು. ಇದು ನ್ಯಾಯವಲ್ಲ. ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವೇ ಇದೆ. ಗಿನಿ-ಬಿಸ್ಸಾವ್‌ನ ರೈತ ಹೆಂಗಸರನ್ನು ಇಲ್ಲಿಗೆ ಕರೆಸಿ, ಬೀಜ ಸಂಸ್ಕರಣೆಯ ತರಬೇತಿ ಕೊಡಲು ಕೇಂದ್ರ ಸರ್ಕಾರ ಮುಂದಾಗಲಿ.

– ಗೇರು ಕೃಷಿಕ, ಪುತ್ತೂರು