ಸಮ್ಮೇಳನಕ್ಕೆ ಸಾರಾಂಶ ಕಳುಹಿಸುವವರ ಗಮನಕ್ಕೆ

ಬಳ್ಳಾರಿ, ಕೊಪ್ಪಳದ ಪಶುವೈದ್ಯ ಮಿತ್ರರೇ, ಶಸ್ತ್ರಚಿಕಿತ್ಸಾ ಸಮ್ಮೇಳನಕ್ಕೆ ಬರೆಯುತ್ತಿರುವವರು ಸಾರಾಂಶದ ಕರಡನ್ನು ಭಾನುವಾರ ಸಂಜೆಯೊಳಗೆ ನನಗೆ ಕಳುಹಿಸಿ, ಒಮ್ಮೆ ಓದಿ ಹೇಳುತ್ತೇನೆ. ಹಿಂದೊಮ್ಮೆ ನನ್ನದೇ ವಾಪಸು ಬಂದಿತ್ತು. ಹೋರಿಯ ಮೂತ್ರಕಲ್ಲಿನ ಶಸ್ತ್ರಚಿಕಿತ್ಸೆಯನ್ನು ಹೊಲಿಗೆಯ ದಾರದವರೆಗೂ ವರ್ಣಿಸಿ, ಅದು ಎಷ್ಟನೇ ದಿನ ತಾನಾಗಿ ಮೂತ್ರ ಮಾಡಿತು ಎಂಬುದನ್ನೇ ಬರೆದಿರಲಿಲ್ಲ! ಎಷ್ಟು ಪ್ರಾಣಿ, ಯಾವ ಅರಿವಳಿಕೆ, ಎಷ್ಟು ದಿನದ ನಿಗಾ ಎಲ್ಲವೂ ಅಂಕಿಯಲ್ಲಿರಲಿ. ಸತ್ತವನ್ನೂ ಲೆಕ್ಕಕ್ಕೆ ಸೇರಿಸಿ. ‘ಫಲಿತಾಂಶವನ್ನು ಸಭೆಯಲ್ಲಿ ತಿಳಿಸಲಾಗುವುದು’ ಎಂಬ ಸಾಲು ಬೇಡವೇ ಬೇಡ.

ನಾಯಿಯ ಲಾಡಿಹುಳುವಿನಿಂದ ಕುರಿಯ ಮೆದುಳಿನಲ್ಲಿ ನೀರುಗುಳ್ಳೆಯಾಗಿ, ಕುರಿ ಒಂದೇ ಕಡೆಗೆ ಸುತ್ತುತ್ತದಲ್ಲ, ಅಂಥ ಬಳ್ಳಾರಿ ಕುರಿಗಳ ಬುರುಡೆ ಕೊರೆದು ಗುಳ್ಳೆ ತೆಗೆದವರು ಸಂಕೋಚವಿಲ್ಲದೆ ಬರೆಯಿರಿ. ನಗರದ ನಾಯಿ, ಬೆಕ್ಕಿನ ವೈದ್ಯರಿಗೆ ಅದು ಸಿಗುವುದಿಲ್ಲ. ಫೋಟೊದಲ್ಲಿ ಕುರಿಗಾಹಿಯ ಮುಖವಿದ್ದರೆ ಅವರ ಒಪ್ಪಿಗೆ ಕೇಳಿಕೊಳ್ಳಿ.